ಕೂಲ್ ಜಾಝ್‌ನಿಂದ ಪೋಸ್ಟ್-ಬಾಪ್‌ವರೆಗೆ: ಹಿಂದೂಸ್ತಾನಿ ಕಿವಿಗೆ ಯಾರಿಂದ ಆರಂಭ?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ ಅವರ ಗಾಯನವನ್ನು ಕೇಳುತ್ತಲೇ ಬೆಳೆದ ಮನೆ ನಮ್ಮದು. ಇತ್ತೀಚೆಗೆ ಗೆಳೆಯರೊಬ್ಬರ ಒತ್ತಾಯಕ್ಕೆ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ ಕೇಳಿದೆ, ಮನಸ್ಸು ಹಿಡಿಯಿತು. ಆದರೆ ಅದೇ ಮೈಲ್ಸ್ ಅವರ 1960ರ ದಶಕದ ನಡುವಿನ ಧ್ವನಿಮುದ್ರಿಕೆಗಳಿಗೆ ಬಂದಾಗ ಸಮ್ (ತಾಳದ ಆವರ್ತನದ ಮೊದಲ ಮಾತ್ರೆ) ಎಲ್ಲಿದೆ, ಮುಖ್ಯ ಕಲಾವಿದ ಯಾರು, ಸಾಥ್ ಕೊಡುವವರು ಯಾರು ಎಂಬುದೇ ತಿಳಿಯದಂತಾಯಿತು. ‘ಕೈಂಡ್ ಆಫ್ ಬ್ಲೂ’ ನಮ್ಮ ರಾಗಸಂಗೀತಕ್ಕೆ ಹತ್ತಿರವೆಂದು ಹಲವರು ಹೇಳುತ್ತಾರೆ. ಅದು ಎಷ್ಟರ ಮಟ್ಟಿಗೆ ನಿಜ? ಈ ಕಾಲದ ವಾದಕರನ್ನು ಯಾವ ಕ್ರಮದಲ್ಲಿ ಕೇಳುವುದು ಒಳ್ಳೆಯದು?

ಉತ್ತರ 1 (ಪುಣೆಯಿಂದ)

ಮಾತು ಅರ್ಧ ನಿಜ. 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಣಗೊಂಡ ಆ ಆಲ್ಬಮ್ಮಿನ ಮೊದಲ ಕೃತಿ ‘ಸೋ ವಾಟ್’ ಅನ್ನೇ ತೆಗೆದುಕೊಳ್ಳಿ. ಅದರ ಸ್ವರಗಳು ನಮ್ಮ ಕಾಫಿ ಥಾಟಿನವೇ, ಎಂದರೆ ಆ ಹೆಸರಿನ ಸ್ವರಗುಂಪಿನವೇ: ಗಾಂಧಾರ ಕೋಮಲ, ನಿಷಾದ ಕೋಮಲ. ಹದಿನಾರು ಬಾರ್‌ಗಳವರೆಗೆ (ಬಾರ್ ಎಂದರೆ ಇಲ್ಲಿ ನಾಲ್ಕು ಮಾತ್ರೆಗಳ ಒಂದು ಘಟಕ) ಆ ಸ್ವರಗಳಲ್ಲೇ ನಿಂತು ವಿಸ್ತರಿಸುವ ಬಿಡುವು ವಾದಕನಿಗೆ ಸಿಗುವುದರಿಂದ ನಮಗೆ ಅದು ಪರಿಚಿತವೆನಿಸುತ್ತದೆ. ಆದರೆ ಅನಂತರದ ಎಂಟು ಬಾರ್‌ಗಳಲ್ಲಿ ಷಡ್ಜವೇ ಅರ್ಧ ಸ್ವರದಷ್ಟು ಮೇಲಕ್ಕೆ ಹೋಗಿ, ಕೊನೆಯ ಎಂಟರಲ್ಲಿ ಮತ್ತೆ ಕೆಳಗಿಳಿಯುತ್ತದೆ. ತಂಬೂರಿಯ ಆಸರೆಯಲ್ಲಿ ಹಾಡುವ ನಮ್ಮವರು ಕನಸಿನಲ್ಲಿಯೂ ಮಾಡದ ಕೆಲಸವಿದು. ಈ ಸ್ಥಳಾಂತರವನ್ನು ಕಿವಿ ಗುರುತಿಸುವವರೆಗೆ ಅದೊಂದನ್ನೇ ಮತ್ತೆ ಮತ್ತೆ ಕೇಳಿ.

ಅಲ್ಲಿಂದ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಬೀಬಾಪ್ ಎಂಬ ವೇಗದ ಶೈಲಿಯ ಬೆನ್ನಿಗೇ ಮೈಲ್ಸ್, ಗಿಲ್ ಇವಾನ್ಸ್, ಜೆರ್ರಿ ಮಲ್ಲಿಗನ್, ಲೀ ಕೊನಿಟ್ಜ್, ಜಾನ್ ಲೂಯಿಸ್ ಮುಂತಾದವರು 1949–50ರಲ್ಲಿ ಒಂಬತ್ತು ಜನರ ಮೇಳ ಕಟ್ಟಿ, ಫ್ರೆಂಚ್ ಹಾರ್ನ್ ಮತ್ತು ಟ್ಯೂಬಾ ಸೇರಿಸಿ, ದನಿಯನ್ನು ಮೆದುಗೊಳಿಸಿ ಮುದ್ರಿಸಿದ ಕೃತಿಗಳು 1957ರಲ್ಲಿ ‘ಬರ್ತ್ ಆಫ್ ದಿ ಕೂಲ್’ ಎಂಬ ಹೆಸರಿನಲ್ಲಿ ಒಟ್ಟಾಗಿ ಹೊರಬಂದವು. ಈ ಮೆದು ದನಿಯ ಶೈಲಿಯೇ ಕೂಲ್ ಜಾಝ್. ಕೂಲ್ ಎಂದರೆ ಭಾವವಿಲ್ಲದ ಸಂಗೀತವೆಂದು ತಿಳಿಯುವವರಿದ್ದಾರೆ. ಲೀ ಕೊನಿಟ್ಜ್ ಅವರ ಆಲ್ಟೊ ಸ್ಯಾಕ್ಸೊಫೋನ್ ಕೇಳಿದ ಮೇಲೆ ಆ ಮಾತು ನಿಲ್ಲುವುದಿಲ್ಲ. 1952ರಲ್ಲಿ ಲಾಸ್ ಏಂಜಲೀಸಿನಲ್ಲಿ ಮಲ್ಲಿಗನ್ (ಬ್ಯಾರಿಟೋನ್ ಸ್ಯಾಕ್ಸೊಫೋನ್) ಮತ್ತು ಚೆಟ್ ಬೇಕರ್ (ಟ್ರಂಪೆಟ್) ಪಿಯಾನೊವನ್ನೇ ಕೈಬಿಟ್ಟು ನುಡಿಸಿದ್ದನ್ನೂ ತಪ್ಪಿಸಬೇಡಿ. ಸ್ವರಮೇಳದ ಹೊದಿಕೆ ಇಲ್ಲದ್ದರಿಂದ ಎರಡು ವಾದ್ಯಗಳ ಸಂವಾದ ಅಲ್ಲಿ ನಿಚ್ಚಳವಾಗಿ ಕೇಳಿಸುತ್ತದೆ.

ಉತ್ತರ 2 (ಬಾಂದ್ರಾದಿಂದ)

ಮುಂಬೈಯವರಾಗಿ ಅಮೆರಿಕದ ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರನ್ನು ಬಿಡುವುದು ಸಲ್ಲದು. ಅವರ ತಂಡ 1958ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಕೈಗೊಂಡ ಪ್ರವಾಸದಲ್ಲಿ ನಮ್ಮ ಊರಿಗೂ ಬಂದಿತ್ತು. ಇಲ್ಲಿ ಅವರು ಸಿತಾರ್ ವಾದಕ ಉಸ್ತಾದ್ ಅಬ್ದುಲ್ ಹಲೀಂ ಜಾಫರ್ ಖಾನ್ ಅವರೊಂದಿಗೆ ಕೂಡಿ ನುಡಿಸಿದ್ದರು. ಅದೇ ಪ್ರವಾಸದಲ್ಲಿ ಇಸ್ತಾಂಬುಲ್‌ನ ಬೀದಿ ವಾದಕರಿಂದ ಕೇಳಿದ ಒಂಬತ್ತರ ಲಯ, ಎಂದರೆ ಎರಡು, ಎರಡು, ಎರಡು, ಮೂರು, ಮುಂದಿನ ವರ್ಷದ ‘ಟೈಮ್ ಔಟ್’ ಆಲ್ಬಮ್ಮಿನ ‘ಬ್ಲೂ ರೊಂಡೊ ಆ ಲಾ ತುರ್ಕ್’ ಆಯಿತು. ಅವರ ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ರಚಿಸಿದ, ಅದೇ ಆಲ್ಬಮ್ಮಿನ ‘ಟೇಕ್ ಫೈವ್’ನ ಐದು ಮಾತ್ರೆಗಳನ್ನು ಮೂರು-ಎರಡಾಗಿ ಕೈಯಲ್ಲಿ ಎಣಿಸುತ್ತ ಕೇಳಿ; ಎರಡು-ಮೂರರ ಭಾಗಗಳ ಝಪತಾಲ ಬಲ್ಲವರಿಗೆ ಅದು ಕಷ್ಟವಾಗದು.

ಉತ್ತರ 3 (ಮಡಗಾಂವ್‌ನಿಂದ)

ಪುಣೆಯ ಮಿತ್ರರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಪೋಸ್ಟ್-ಬಾಪ್, ಎಂದರೆ ಬೀಬಾಪ್ ನಂತರ 1960ರ ದಶಕದಲ್ಲಿ ಬೆಳೆದ ಹೆಚ್ಚು ಮುಕ್ತ ಶೈಲಿಯ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ತಾವು ಸಿಕ್ಕಿಕೊಂಡಿರುವುದು ಅಲ್ಲಿಯೇ. 1964ರಿಂದ ಮೈಲ್ಸ್ ಜೊತೆಗಿದ್ದವರು ಸ್ಯಾಕ್ಸೊಫೋನಿನಲ್ಲಿ ವೇಯ್ನ್ ಶಾರ್ಟರ್, ಪಿಯಾನೊದಲ್ಲಿ ಹರ್ಬಿ ಹ್ಯಾನ್‌ಕಾಕ್, ಬಾಸ್‌ನಲ್ಲಿ ರಾನ್ ಕಾರ್ಟರ್, ಡ್ರಮ್ಸ್‌ನಲ್ಲಿ ಟೋನಿ ವಿಲಿಯಮ್ಸ್. ಟೋನಿ ಹಿಂದಿನ ವರ್ಷ ತಂಡ ಸೇರಿದಾಗ ಅವರಿಗೆ ಹದಿನೇಳು ವಯಸ್ಸು! ಇಲ್ಲಿ ಸಾಥ್ ಎಂಬ ಪ್ರತ್ಯೇಕ ಪಾತ್ರವೇ ಕರಗಿಹೋಗಿದೆ. 1967ರ ‘ನೆಫರ್ಟಿಟಿ’ಯಲ್ಲಿ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ಒಂದೇ ರಾಗಪಂಕ್ತಿಯನ್ನು ಕೊನೆಯವರೆಗೂ ಮರಳಿ ಮರಳಿ ನುಡಿಸುತ್ತವೆ, ಬೆಳೆಯುವುದು, ಬದಲಾಗುವುದು, ಕೆರಳುವುದು ಡ್ರಮ್ಸ್ ಮತ್ತು ಅದರ ಸಂಗಾತಿಗಳು. ತಬಲಾ ಸೋಲೊ ನಡೆಯುವಾಗ ಹಾರ್ಮೋನಿಯಂ ನಗ್ಮಾ (ಆವರ್ತನ ತೋರಿಸಲು ಮರಳಿ ಮರಳಿ ನುಡಿಸುವ ಪಂಕ್ತಿ) ಹಿಡಿದಿರುವಂತೆ ಕೇಳಿದರೆ ದಾರಿ ತೆರೆಯುತ್ತದೆ.

ಸಮ್ ಕಳೆದುಹೋಗಿಲ್ಲ, ಅದನ್ನು ಯಾರೂ ಒತ್ತಿ ತೋರಿಸುವುದಿಲ್ಲ ಅಷ್ಟೆ. ಇದಕ್ಕೆ ಶಾರ್ಟರ್ ಅವರ ‘ಫುಟ್‌ಪ್ರಿಂಟ್ಸ್’ ಒಳ್ಳೆಯ ಅಭ್ಯಾಸ. ಅದನ್ನು ಅವರು 1966ರ ಫೆಬ್ರವರಿಯಲ್ಲಿ ತಮ್ಮದೇ ‘ಆಡಮ್ಸ್ ಆ್ಯಪಲ್’ಗಾಗಿ ಮುದ್ರಿಸಿದರು, ಅದೇ ಅಕ್ಟೋಬರ್‌ನಲ್ಲಿ ಮೈಲ್ಸ್ ತಂಡ ‘ಮೈಲ್ಸ್ ಸ್ಮೈಲ್ಸ್’ಗಾಗಿ ನುಡಿಸಿತು. ಮೊದಲನೆಯದರಲ್ಲಿ ಬ್ಲೂಸ್ ಎಂಬ ರಚನಾಕ್ರಮದ ಆವರ್ತನ ಸ್ಪಷ್ಟವಾಗಿ ತಿರುಗುತ್ತದೆ. ಎರಡನೆಯದರಲ್ಲಿ ಟೋನಿ ಆರರ ನಡೆಯ ಮೇಲೆ ನಾಲ್ಕನ್ನು ಹೇರಿ ಎಳೆದಾಡುತ್ತಾರೆ. ಹಾಗಾಗಿ ‘ಆಡಮ್ಸ್ ಆ್ಯಪಲ್’ ಮೊದಲು ಕೇಳಿ, ಬಾಸ್‌ನ ಪಂಕ್ತಿಯನ್ನು ಗುನುಗುವಷ್ಟು ರೂಢಿ ಮಾಡಿಕೊಂಡು, ಅನಂತರ ಮೈಲ್ಸ್ ತಂಡದ್ದಕ್ಕೆ ಬನ್ನಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ‘ಸೋ ವಾಟ್’ನಲ್ಲಿ ಷಡ್ಜ ಮೇಲಕ್ಕೆ ಹೋಗುವುದು ಈಗ ಸ್ಪಷ್ಟವಾಗಿ ತಿಳಿಯುತ್ತಿದೆ. ‘ಫುಟ್‌ಪ್ರಿಂಟ್ಸ್’ನ ಎರಡೂ ರೂಪಗಳನ್ನು ಈ ವಾರ ಕೇಳಿ, ಸಂದೇಹವಿದ್ದರೆ ಇಲ್ಲಿಯೇ ಬರೆಯುತ್ತೇನೆ.