ಸಹಾಯ ಬೇಕು: ಕಾರ್ನರ್ ಕಿಕ್ ತಡೆಯುವುದನ್ನು ಕಲಿಸುವವರು ಇದ್ದೀರಾ?

ಗುಂಪಿನ ಹಿರಿಯ ಆಟಗಾರರಿಗೆ ನಮಸ್ಕಾರ. ನಾನು ಧಾರವಾಡದ ಒಂದು ಕಾಲೇಜಿನ ಫುಟ್‌ಬಾಲ್ ತಂಡದ ನಾಯಕ. ಬರುವ ಭಾನುವಾರ ಹುಬ್ಬಳ್ಳಿಯಲ್ಲಿ ನಮ್ಮ ಪಂದ್ಯವಿದೆ.

ಹಿಂದಿನ ಪಂದ್ಯವನ್ನು 1–2ರಿಂದ ಸೋತೆವು. ಎರಡೂ ಗೋಲುಗಳು ಕಾರ್ನರ್ ಕಿಕ್‌ನಿಂದಲೇ ಬಂದವು. ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯಬೇಕೆಂದು ಮೊದಲೇ ಮಾತಾಡಿಕೊಂಡಿದ್ದೆವು. ಚೆಂಡು ಮೇಲೇರಿದ ಕೂಡಲೇ ಎಲ್ಲರ ಕಣ್ಣೂ ಅದರ ಮೇಲೆ. ಅಷ್ಟರಲ್ಲಿ ಎದುರಾಳಿ ಬೆನ್ನ ಹಿಂದಿನಿಂದ ನುಗ್ಗಿ ಚೆಂಡಿಗೆ ತಲೆ ಕೊಟ್ಟಿದ್ದ. ನಮ್ಮ ಗೋಲ್‌ಕೀಪರ್ ಧೈರ್ಯವಂತ. ಆದರೆ ಮುಂದೆ ಬಂದು ಚೆಂಡನ್ನು ಗುದ್ದಬೇಕೋ, 7.32 ಮೀಟರ್ ಅಗಲದ ಗೋಲನ್ನು ಕಾಯುತ್ತ ಗೆರೆಯ ಮೇಲೆಯೇ ನಿಲ್ಲಬೇಕೋ ಎಂದು ಆ ಗಳಿಗೆಯಲ್ಲಿ ತಡವರಿಸುತ್ತಾನೆ. ಹೇಳಿಕೊಡಲು ನಮಗೆ ತರಬೇತುದಾರರಿಲ್ಲ.

ಆಳಿನ ಬದಲು ಜಾಗವನ್ನು ಕಾಯುವ ಕ್ರಮವನ್ನು ನಾಲ್ಕೈದು ದಿನಗಳಲ್ಲಿ ಕಲಿಯಬಹುದೇ? ಗೋಲ್‌ಕೀಪರ್ ಆಗಿ ಆಡಿದವರು ಒಂದೇ ಒಂದು ಸಂಜೆ ಬಂದರೂ ದೊಡ್ಡ ಉಪಕಾರ. ಕರೆತರಲು ಬೈಕ್ ಕಳುಹಿಸುತ್ತೇವೆ.

ಇನ್ನೊಂದು ಮಾತು. ಧಾರವಾಡದ ಕೆಂಪು ಮಣ್ಣಿನಲ್ಲಿ ಆಡಿ ಬೆಳೆದವರು ನಾವು. ಮಳೆ ಬಂದರೆ ಹುಬ್ಬಳ್ಳಿಯ ಎರೆ ಮಣ್ಣು (ಕಪ್ಪು ಮಣ್ಣು) ಬೂಟಿಗೆ ಅಂಟಿ ಕಾಲು ಎತ್ತುವುದೇ ಕಷ್ಟ. ಉದ್ದ ಸ್ಟಡ್‌ಗಳಿರುವ 8 ಅಥವಾ 9ನೇ ಅಳತೆಯ ಹಳೆಯ ಬೂಟುಗಳಿದ್ದರೆ ದಯವಿಟ್ಟು ಎರವಲು ಕೊಡಿ. ಪಂದ್ಯದ ಮರುದಿನವೇ ತೊಳೆದು ಮರಳಿಸುತ್ತೇವೆ.