‘ಥೈರಾಯ್ಡ್ ಜಾಸ್ತಿ’ ಅಂದರೆ ಹೈಪರೋ, ಹೈಪೋನೋ? ಕನ್ನಡದ ಪದ ಬೇಕಿತ್ತು

ಹಾರ್ಮೋನ್ ಕಾಯಿಲೆಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಥೈರಾಯ್ಡ್ ರಸ ಜಾಸ್ತಿಯಾಗುವ ಹೈಪರ್, ಕಮ್ಮಿಯಾಗುವ ಹೈಪೋ, ಈ ಜೋಡಿಯ ಹತ್ತಿರ ಗಾಡಿ ನಿಂತುಬಿಟ್ಟಿದೆ.

ರಕ್ತ ಪರೀಕ್ಷೆಯಲ್ಲಿ, ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನಾದ ಟಿಎಸ್‌ಎಚ್ 9 ಅಂತ ಬಂದಿರುತ್ತದೆ. ಪಕ್ಕದಲ್ಲೇ ಸರಿಯಾದ ಮಟ್ಟ ಸುಮಾರು 0.4ರಿಂದ 4 ಅಂತ ಅಚ್ಚಾಗಿರುತ್ತದೆ. ನೋಡಿದವರು ‘ನಂಗೆ ಥೈರಾಯ್ಡ್ ಜಾಸ್ತಿ ಆಗಿದೆ’ ಅನ್ನುತ್ತಾರೆ. (‘ಥೈರಾಯ್ಡ್ ಇದೆಯಂತೆ’ ಅನ್ನುವವರೂ ಇದ್ದಾರೆ. ಆ ಗ್ರಂಥಿ ಎಲ್ಲರ ಕುತ್ತಿಗೆಯಲ್ಲೂ ಇರುತ್ತದಲ್ವಾ!) ಆದರೆ ಟಿಎಸ್‌ಎಚ್ ಬರುವುದು ಥೈರಾಯ್ಡ್‌ನಿಂದಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡ್ ಕೆಲಸ ಕಮ್ಮಿ ಮಾಡಿದಷ್ಟೂ ಪಿಟ್ಯುಟರಿ ಅದನ್ನು ಎಬ್ಬಿಸಲು ಟಿಎಸ್‌ಎಚ್ ಜಾಸ್ತಿ ಕಳಿಸುತ್ತದೆ, ಹಾಗಾಗಿ ಜನ ಹೇಳುವ ಈ ‘ಜಾಸ್ತಿ’ ಸಾಮಾನ್ಯವಾಗಿ ಹೈಪೋ, ಅಂದರೆ ಕಮ್ಮಿ! ಸುಮ್ನೆ ಪದದ ಜಗಳ ಅಲ್ಲ ಇದು. ಹೈಪೋಗೆ ಹಾರ್ಮೋನನ್ನೇ ಮಾತ್ರೆಯಾಗಿ ಕೊಡುತ್ತಾರೆ, ಹೈಪರ್‌ಗೆ ಹಾರ್ಮೋನ್ ತಯಾರಾಗುವುದನ್ನು ತಡೆಯುವ ಮಾತ್ರೆ.

‘ಅತಿ’ ಹಚ್ಚಿದರೆ ಆಯ್ತಲ್ಲ ಅನ್ನಬಹುದು. ಅತಿಸಾರ ಹಳೆಯ ಪದ, ಅತಿಬೆವರು ಕೂಡ ಕಿವಿಗೆ ಒಗ್ಗುತ್ತದೆ. ಅಲ್ಲಿ ಜಾಸ್ತಿ ಆಗಿದ್ದೇನು ಅಂತ ಕಣ್ಣಿಗೇ ಕಾಣುತ್ತದೆ. ‘ಅತಿಥೈರಾಯ್ಡ್’ ಅಂದರೆ ಗ್ರಂಥಿ ಊದಿದೆಯೋ, ರಸ ಜಾಸ್ತಿಯೋ? ಊತಕ್ಕೆ ಗಳಗಂಡ ಅನ್ನುವ ಪದ ಇದ್ದೇ ಇದೆ, ಅದು ಹೈಪರ್, ಹೈಪೋ ಎರಡರಲ್ಲೂ ಬರಬಹುದು. ಹೈಪೋಗೆ ‘ಮಂದ ಥೈರಾಯ್ಡ್’ ನನಗೆ ಹಿಡಿಸಿದೆ. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಎಲ್ಲವೂ ಆ ‘ಮಂದ’ದಲ್ಲೇ ಕೂತಿವೆ. ಆದರೆ ಹೈಪರ್‌ಗೆ ‘ಚುರುಕು ಥೈರಾಯ್ಡ್’ ಅಂದರೆ ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ, ಖುಷಿ ಪಡುತ್ತಾರೆ. ಎದೆ ಡವಡವ, ಕೈನಡುಕ, ತೂಕ ಇಳಿತ, ಇಷ್ಟನ್ನೂ ಹೊರುವ ಪದ ಬೇಕು. ‘ಕೆರಳಿದ ಥೈರಾಯ್ಡ್’ ಹೇಗೆ?

ಹೆಂಗಸರಿಗೆ ಮೇಲ್ತುಟಿ, ಗಲ್ಲ, ಎದೆಯ ಮೇಲೆ ಗಂಡಸರ ಹಾಗೆ ಕೂದಲು ಬೆಳೆಯುವುದಕ್ಕೆ ‘ಅತಿರೋಮ’ ಅಂತ ಬರೆಯುವುದನ್ನು ನಾನು ಒಪ್ಪಲ್ಲ. ಮೈಯಲ್ಲಿ ಎಲ್ಲೇ ಆಗಲಿ ಕೂದಲು ಜಾಸ್ತಿ ಆಗುವುದು ಬೇರೆ ಸಂಗತಿ, ಆ ಪದ ಅದಕ್ಕೇ ಇರಲಿ.

ಇನ್ನು ಡಯಾಬಿಟಿಸ್ ಇನ್ಸಿಪಿಡಸ್. ದಿನಕ್ಕೆ 3 ಲೀಟರ್‌ಗಿಂತ ಜಾಸ್ತಿ ಮೂತ್ರ, ತಡೆಯಲಾಗದ ಬಾಯಾರಿಕೆ, ಆದರೆ ಸಕ್ಕರೆಗೆ ಸಂಬಂಧವೇ ಇಲ್ಲ. ಮೈಯ ನೀರು ಉಳಿಸುವ ವಾಸೊಪ್ರೆಸಿನ್ ಹಾರ್ಮೋನ್ ಸಾಲದು, ಇಲ್ಲವೇ ಮೂತ್ರಪಿಂಡ ಅದರ ಮಾತು ಕೇಳದು. ‘ಸಿಹಿಯಿಲ್ಲದ ಮಧುಮೇಹ’ ಅನ್ನುವುದು ತಮಾಷೆ, ಮಧು ಅಂದರೇ ಜೇನು. ‘ಬಹುಮೂತ್ರ’ ಬರೀ ಲಕ್ಷಣ, ಸಕ್ಕರೆ ಕಾಯಿಲೆಯಲ್ಲೂ ಇರುತ್ತದೆ. ಆಯುರ್ವೇದ ಹೇಳುವ 20 ಪ್ರಮೇಹಗಳಲ್ಲಿ (ಮೂತ್ರದ ಕಾಯಿಲೆಗಳಲ್ಲಿ) ‘ಉದಕಮೇಹ’ ಅಂತ ಒಂದಿದೆ, ನೀರಿನಂಥ ಮೂತ್ರ ಹೇರಳವಾಗಿ ಹೋಗುವುದು. ಚೆನ್ನಾಗಿ ಹೊಂದುತ್ತದೆ, ಆದರೆ ಎರಡೂ ಒಂದೇ ಕಾಯಿಲೆ ಅಂತ ಓದುಗರು ತಿಳಿದಾರು ಅನ್ನುವ ಅಳುಕು. ಸಕ್ಕರೆ ಕಾಯಿಲೆಯ ಜೊತೆ ಗೊಂದಲ ಬೇಡ ಅಂತಲೇ 2022ರಲ್ಲಿ ತಜ್ಞರು ಈ ಹೆಸರು ಬಿಟ್ಟು ‘ವಾಸೊಪ್ರೆಸಿನ್ ಕೊರತೆ’, ‘ವಾಸೊಪ್ರೆಸಿನ್ ಪ್ರತಿರೋಧ’ ಅಂತ ಎರಡು ಹೆಸರು ಸೂಚಿಸಿದರು. ಮೊದಲನೆಯದು ಕನ್ನಡಕ್ಕೆ ಸಲೀಸು. ‘ಪ್ರತಿರೋಧ’ದ ಜಾಗಕ್ಕೆ ಇನ್ನೂ ಹಗುರವಾದದ್ದು ನಿಮಗೆ ಹೊಳೆಯುತ್ತದಾ? ‘ಜಗ್ಗದಿಕೆ’ ಅಂತ ಬರೆದು ಹೊಡೆದುಹಾಕಿದ್ದೇನೆ.