ಟಚ್‌ಡೌನ್: ಮೊದಲು ಆಟದ್ದಾ, ವಿಮಾನದ್ದಾ?

ಎಲ್ರಿಗೂ ನಮಸ್ಕಾರ. ಅಮೆರಿಕದಲ್ಲಿರೋ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗನ ಜೊತೆ ಅಲ್ಲಿನ ಫುಟ್‌ಬಾಲ್ ನೋಡ್ತಿದ್ದೆ, ಒಬ್ಬ ಚೆಂಡನ್ನ ಕಂಕುಳಲ್ಲಿ ಅವುಚ್ಕೊಂಡು ಓಡಿ ಗೆರೆ ದಾಟಿದ, ಕೂಡ್ಲೇ ಟಚ್‌ಡೌನ್ ಅಂತ ಕೂಗಿದ್ರು, 6 ಪಾಯಿಂಟ್. ಚೆಂಡು ನೆಲಕ್ಕೆ ತಾಗ್ಲೇ ಇಲ್ವಲ್ಲೋ ಅಂದೆ. "ತಾಗೋದೇನೂ ಬೇಡ ಮಾಮ, ಗೆರೆಗೆ ಬಂದ್ರೆ ಸಾಕು" ಅಂದ. ಮತ್ತೆ ಹೆಸರಲ್ಲಿರೋ ಟಚ್ ಯಾವುದು?

ಹುಡುಕಿದ್ರೆ ಮೂಲ ಇಂಗ್ಲೆಂಡಿನ ರಗ್ಬಿ, 1864ರಷ್ಟು ಹಿಂದೇನೇ ಈ ಪದ ಸಿಗತ್ತೆ. ಅಲ್ಲಿ ಎದುರಾಳಿಯ ಗೋಲ್ ಗೆರೆ ಆಚೆ ಚೆಂಡನ್ನ ನಿಜವಾಗ್ಲೂ ನೆಲಕ್ಕೆ ಒತ್ತಬೇಕು, ಆಗೆಲ್ಲಾ ಅದಕ್ಕೆ ಪಾಯಿಂಟೇ ಇರ್ಲಿಲ್ಲ, ಗೋಲಿಗೆ ಒದೆಯೋಕೆ ಒಂದು ಅವಕಾಶ ಸಿಗ್ತಿತ್ತು ಅಷ್ಟೇ, ಅದಕ್ಕೇ ಅವರು ಅದನ್ನ ಇವತ್ತಿಗೂ ಟ್ರೈ ಅಂತಾರೆ. ಅಂದ್ರೆ ನೆಲ ಮುಟ್ಟಿಸೋ ಆಟದಲ್ಲಿ ಅಂಕಕ್ಕೆ ಆ ಹೆಸರು ಉಳೀಲಿಲ್ಲ, ಮುಟ್ಟಿಸದ ಆಟದಲ್ಲಿ ಉಳೀತು! ಪದಗಳ ಈ ಥರದ ದಾರಿ ನಂಗೆ ಬಹಳ ಇಷ್ಟ.

ವಿಮಾನಕ್ಕೆ ಇದು ಬಂದಿದ್ದು ತಡವಾಗಿ, 1935ರ ಸುಮಾರಿಗೆ. ಅಲ್ಲಿ ಅರ್ಥ ಬಹಳ ನಿಖರ. ಲ್ಯಾಂಡಿಂಗ್ ಅಂದ್ರೆ ಇಳಿಯೋ ಕೆಲಸ ಪೂರ್ತಿ, ಟಚ್‌ಡೌನ್ ಅಂದ್ರೆ ಚಕ್ರ ರನ್‌ವೇಗೆ ತಾಗೋ ಆ ಒಂದು ಕ್ಷಣ. ತಿರುಗದೇ ಸುಮ್ನಿದ್ದ ಟಯರು ನೆಲ ತಾಗಿದ್ದೇ ತಡ ಒಮ್ಮೆಲೇ ತಿರುಗಿ, ಉಜ್ಜಿ, ಪುಸ್ ಅಂತ ಬಿಳಿ ಹೊಗೆ ಏಳತ್ತಲ್ಲ, ಅದು.

ಈಗ ನನ್ನ ಪ್ರಶ್ನೆ. ಕನ್ನಡದಲ್ಲಿ ಭೂಸ್ಪರ್ಶ ಅಂತ ಬರೀತಾರೆ, ವಿಮಾನಕ್ಕೆ ಸರಿ, ಆದ್ರೆ ಚಂದ್ರನ ಮೇಲೆ ಭೂಸ್ಪರ್ಶ ಹೆಂಗಾಗತ್ತೆ? 2023ರ ಆಗಸ್ಟ್ 23ರ ಸಂಜೆ 6:04ಕ್ಕೆ ವಿಕ್ರಮ್ ಲ್ಯಾಂಡರ್ ಇಳಿದಾಗ, ಟಿವಿ ಮುಂದೆ ಸೆರಗಿನ ತುದಿ ಹಿಡ್ಕೊಂಡು ಕೂತಿದ್ದ ನಮ್ಮಮ್ಮ "ಕಾಲೂರ್ತು ಕಣೋ!" ಅಂದ್ರು. ವಿಕ್ರಮ್‌ಗೆ ಇರೋದು ಚಕ್ರ ಅಲ್ಲ, ನಾಲ್ಕು ಕಾಲು, ಇದಕ್ಕಿಂತ ಸರಿಯಾದ ಮಾತು ನಂಗಂತೂ ಹೊಳೀತಿಲ್ಲ. ಚಕ್ರ ಇರೋ ವಿಮಾನಕ್ಕೂ ಕಾಲೂರು ಒಪ್ಪತ್ತಾ, ಇಲ್ಲ ನೆಲಮುಟ್ಟು ಅನ್ಬೇಕಾ? ಹಳೆಗನ್ನಡದಲ್ಲಿ ಎರಗು ಅಂದ್ರೆ ಹಕ್ಕಿ ಬಂದು ಕೂರೋದು ಅನ್ನೋ ಅರ್ಥನೂ ಇದೆ, ಆದ್ರೆ ಈಗ ವಿಮಾನ ಎರಗಿತು ಅಂದ್ರೆ ದಾಳಿ ಮಾಡ್ತು ಅಂತ್ಲೇ ಕೇಳಿಸತ್ತೆ. ನಿಮ್ಮ ಕಡೆ ಕೊಕ್ಕರೆ ಬಂದು ಗದ್ದೆಗೆ ಇಳಿದು ಕಾಲಿಡೋ ಆ ಗಳಿಗೆಗೆ ಏನಂತೀರಿ?